ಕೈಯ ಮೊಬೈಲೂ ಮನೆಯ ಮಕ್ಕಳೂ



ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಭಕ್ತರ ಮನೆಗಳಿಗೆ ನಾವು ಹೋದಾಗ ಹಿಂದೆಲ್ಲ ಮಳೆ, ಬೆಳೆ, ಮಕ್ಕಳ ಮದುವೆಯ ಮಾತು ಬರುತ್ತಿತ್ತು. ಈಗ ತಾಯಂದಿರು ಮೊದಲು ಹೇಳಿಕೊಳ್ಳುವ ದುಗುಡವೇ ಬೇರೆ: 'ಬುದ್ಧಿ, ಮಗ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಕಿತ್ತುಕೊಂಡರೆ ಊಟ ಬಿಡುತ್ತಾನೆ.'

ಈ ವಸ್ತುವನ್ನು ಮಕ್ಕಳು ತಾವಾಗಿ ತಂದುಕೊಂಡವರಲ್ಲ ಎಂಬುದನ್ನು ಮೊದಲು ನೆನೆಯಬೇಕು. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದ ಮೇಲೆ ಪಾಠ ಮೊಬೈಲಿನೊಳಗೆ ಬಂದಿತು. ಸಾಲ ಮಾಡಿಯಾದರೂ ಕೊಂಡು ಮಕ್ಕಳ ಕೈಗಿತ್ತವರು ಹಿರಿಯರೇ. ಶಾಲೆ ತೆರೆಯಿತು, ಮೊಬೈಲು ಮಾತ್ರ ಹಿಂದಿರುಗಲಿಲ್ಲ. ದೇಶದ ಗ್ರಾಮಾಂತರ ಮಕ್ಕಳನ್ನು ಕುರಿತ 2024ರ 'ಅಸರ್' ವರದಿಯಂತೆ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದ ಮಕ್ಕಳಲ್ಲಿ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇಕಡ 57. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡ 76.

ನಿದ್ದೆಗೆಡುವುದು ನಮ್ಮ ಸೀಮೆಗೆ ಹೊಸದಲ್ಲ. ಕಂಸಾಳೆಯವರು ಮಾದೇಶ್ವರನ ಕಥೆ ಹಾಡುವಾಗ ಊರಿಗೆ ಊರೇ ಬೆಳಗಿನವರೆಗೆ ಎಚ್ಚರಿರುತ್ತದೆ. ಆದರೆ ಆ ಕಥೆಗೆ ಸಾಲುಗಳುಂಟು, ಮಂಗಳವುಂಟು. ಪಕ್ಕದಲ್ಲಿ ಕುಳಿತು ಕೇಳುವ ನೆರೆಯವರುಂಟು. ಮೊಬೈಲಿನ ತುಣುಕುಗಳಿಗೆ ಮಂಗಳವೇ ಇಲ್ಲ. ಬೆರಳು ಸರಿಸಿದಷ್ಟೂ ಮತ್ತೊಂದು ಬರುತ್ತದೆ. ಯಾವುದರ ಮೇಲೆ ಕಣ್ಣು ಹೆಚ್ಚು ಹೊತ್ತು ನಿಂತಿತೆಂದು ಯಂತ್ರ ಲೆಕ್ಕವಿಟ್ಟು, ಅಂಥದನ್ನೇ ಮುಂದೆ ಒಡ್ಡುತ್ತದೆ. ನೋಡುವ ಹೊತ್ತು ಬೆಳೆದಷ್ಟೂ ಜಾಹೀರಾತಿನ ಆದಾಯ ಬೆಳೆಯುತ್ತದೆ. ಇಷ್ಟು ದೊಡ್ಡ ವ್ಯಾಪಾರದ ಎದುರು ಹದಿನಾಲ್ಕರ ಹುಡುಗ ಸೋತರೆ ಅವನೊಬ್ಬನನ್ನೇ ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ.

ಹಾಗಾದರೆ ಕಸಿದುಕೊಳ್ಳೋಣವೇ? ನಮ್ಮ ವಿದ್ಯಾರ್ಥಿನಿಲಯದ ಪೋಷಕರ ಸಭೆಯಲ್ಲಿ ಈ ಮಾತೇ ಎದ್ದಿತು. ಆದರೆ ಹನೂರಿನ ಬೆಟ್ಟದ ಕಡೆಯ ಹುಡುಗನೊಬ್ಬನ ತಂದೆತಾಯಿ ಕೂಲಿಗಾಗಿ ತಿಂಗಳುಗಟ್ಟಲೆ ಕಾಫಿ ತೋಟದಲ್ಲಿರುತ್ತಾರೆ. ರಾತ್ರಿ ಅವನಿಗೆ ತಾಯಿಯ ದನಿ ಕೇಳಿಸುವುದು ಅದೇ ಫೋನಿನಲ್ಲಿ. ಅದನ್ನು ಕಸಿದರೆ ತಾಯಿಯನ್ನೇ ಕಸಿದಂತೆ. ಆದ್ದರಿಂದ ಸಂಜೆ ಒಂದು ಗಂಟೆ ಫೋನು ಅವರ ಕೈಗೆ, ಉಳಿದ ಹೊತ್ತು ಕಚೇರಿಯ ಬೀರುವಿಗೆ ಎಂದು ನಿಯಮ ಮಾಡಿದೆವು. 'ಬುದ್ಧಿ, ವಾರ್ಡನ್ ಅವರ ಫೋನು?' ಎಂದು ಒಬ್ಬ ಕೇಳಿದ. ಮಲಗುವ ಹೊತ್ತಿಗೆ ಅವರದೂ, ನಮ್ಮದೂ ಅದೇ ಬೀರುವನ್ನು ಸೇರಿದವು. ಆ ಬಳಿಕವೇ ನಿಯಮಕ್ಕೆ ಬೆಲೆ ಬಂದಿತು. ಆದರೂ ಎಲ್ಲರೂ ಒಪ್ಪಿದರೆಂದು ಹೇಳಲಾರೆವು. ಇಬ್ಬರು ಹುಡುಗರು ನಿಲಯವನ್ನೇ ಬಿಟ್ಟು ಹೋದರು. ಅವರನ್ನು ನೆನೆದಾಗ ಮನಸ್ಸಿಗೆ ಇಂದಿಗೂ ಸಮಾಧಾನವಿಲ್ಲ. ಅವರ ಮಂಚಗಳನ್ನು ಬೇರೆಯವರಿಗೆ ಕೊಟ್ಟಿಲ್ಲ.

ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆಯನ್ನೇ ನಿಷೇಧಿಸಿದೆ. ಕಾನೂನು ಬಾಗಿಲು ಕಾಯಬಹುದು. ಮಗುವಿನ ಪಕ್ಕ ಕೂರಲಾರದು. ಇನ್ನು ನಿದ್ದೆ, ಊಟ, ಶಾಲೆ ಮೂರನ್ನೂ ತೊರೆದ ಮಗುವಿದ್ದರೆ, ಬೈದು ಫಲವಿಲ್ಲ. ತಾಯತಕ್ಕೆಂದು ನಮ್ಮಲ್ಲಿಗೆ ಬರುವ ಮುನ್ನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು.

ತಂದೆತಾಯಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ರಾತ್ರಿ ಊಟದ ಹೊತ್ತಿನಲ್ಲಿ ಮೊದಲು ನಿಮ್ಮ ಫೋನನ್ನು ಗೋಡೆಯ ಗೂಡಿನಲ್ಲಿಡಿ. ಇಂದು ಏನು ನೋಡಿದೆ ಎಂದು ಮಗುವನ್ನು ಕೇಳಿ, ಗದರದೆ ಆಲಿಸಿ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ: ಮಕ್ಕಳ ಕೈಯಿಂದ ಒಂದನ್ನು ತೆಗೆದವರು ಇನ್ನೊಂದನ್ನು ಕೊಡಬೇಕು. ತಿಂಗಳಿಗೊಂದು ಭಾನುವಾರ ನಿಲಯಕ್ಕೆ ಬನ್ನಿರಿ. ನೀವು ಬಲ್ಲ ಆಟವನ್ನೋ, ಹಾಡನ್ನೋ, ಕೈಕಸುಬನ್ನೋ ಕಲಿಸಿರಿ. ಸಂಜೆ ಆರರ ಬಳಿಕ ಅಂಗಳ ಖಾಲಿ ಇರುತ್ತದೆ, ಹುಡುಗರು ಕಾಯುತ್ತಿರುತ್ತಾರೆ.