ಕುಳಿ ತುಂಬಿದ ಬಗೆ

ಅರವತ್ತನಾಲ್ಕರ ವಯಸ್ಸಿನಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡೆನೆಂದರೆ ಮಿತ್ರರು ನಗುತ್ತಾರೆ, ನಗಲಿ. ಕೆಳದವಡೆಯಲ್ಲಿ ಅಡ್ಡಲಾಗಿ ಹುದುಗಿದ್ದ ಆ ಹಲ್ಲನ್ನು ತೆಗೆದ ವೈದ್ಯರು ಎರಡು ಹೊಲಿಗೆ ಹಾಕಿ, ಅರಿವೆಯ ಉಂಡೆಯನ್ನು ಕಚ್ಚಿಸಿ, ೨೪ ಗಂಟೆಗಳ ಕಾಲ ಬಾಯಿ ಮುಕ್ಕಳಿಸಬಾರದು, ಉಗುಳಬಾರದು ಎಂದು ಹೇಳಿ ಕಳುಹಿಸಿದರು.

ಬಾಲ್ಯದಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದವನು ಉಂಡ ಮೇಲೆ ಬಾಯಿ ಮುಕ್ಕಳಿಸದೆ ಇರುವುದೆಂತು? ಅಂದು ಸಂಜೆ ಗಂಜಿ ಕುಡಿದೊಡನೆ ಕೈ ತಾನಾಗಿ ತಂಬಿಗೆಯತ್ತ ಹೋಯಿತು. ಬಚ್ಚಲಿಗೆ ಬಿದ್ದ ಕರಿಗೆಂಪು ಗಡ್ಡೆಯನ್ನು ಕಂಡು, ಹೊಲಸು ಹೋಯಿತೆಂದು ಸಮಾಧಾನಪಟ್ಟೆ. ಮೂರನೆಯ ದಿನ ನೋವು ಕಿವಿಯವರೆಗೆ ಏರಿತು.

ನಾನು ಹೊಲಸೆಂದು ಬಗೆದ ಆ ಹೆಪ್ಪುಗಟ್ಟಿದ ರಕ್ತವೇ ಎಲುಬಿಗೆ ಹೊದಿಕೆ. ಅದರೊಳಗಿನಿಂದಲೇ ಹೊಸ ಮಾಂಸ ಚಿಗುರಬೇಕು. ಅದು ಕಳಚಿದರೆ ಎಲುಬು ಬೆತ್ತಲಾಗುತ್ತದೆ. ಬೀಡಿ ಸೇದುವವರಲ್ಲಿ ಇದು ಹೆಚ್ಚೆಂದರು ವೈದ್ಯರು. ಅವರು ನನ್ನನ್ನು ಗದರಿಸಲಿಲ್ಲ. ಕುಳಿಯನ್ನು ತೊಳೆದು ಲವಂಗದೆಣ್ಣೆಯ ಔಷಧದ ಪಟ್ಟಿಯನ್ನಿಟ್ಟರು. ನಮ್ಮ ಅಜ್ಜಿಯ ಡಬ್ಬಿಯ ವಾಸನೆಯೇ ಅದು! ಮನೆ ಸೇರುವಷ್ಟರಲ್ಲಿ ನೋವು ಇಳಿದಿತ್ತು.

ಆಮೇಲೆ ಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲನೆ ಆಡಿಸಿ, ಉಗುಳದೆ ಹಾಗೆಯೇ ಚೆಲ್ಲುವುದನ್ನು ಕಲಿತೆ. ಒಸಡು ಕೂಡಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಒಳಗೆ ಎಲುಬು ತುಂಬಲು ಇನ್ನೂ ಹಲವು ತಿಂಗಳು ಬೇಕು. ಓದುತ್ತ ಕುಳಿತಾಗ ನಾಲಗೆ ಈಗಲೂ ಆ ತಗ್ಗನ್ನು ತಡವಿ ನೋಡುತ್ತದೆ.