ಯಾದವಗಿರಿಯ ಯಂತ್ರಾಶ್ವ

ಮೈಸೂರನ್ನು ನೋಡಬೇಕೆಂದು ಬರುವ ಯಾತ್ರಿಕರು ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಜಗನ್ಮೋಹನ ಅರಮನೆಯ ಚಿತ್ರಶಾಲೆ ಇವಿಷ್ಟನ್ನು ನೋಡಿ, ಮೈಸೂರುಪಾಕಿನ ಪೊಟ್ಟಣವೊಂದನ್ನು ಕಟ್ಟಿಸಿಕೊಂಡು ಊರಿಗೆ ಹಿಂದಿರುಗುವುದು ವಾಡಿಕೆ. ಯಾದವಗಿರಿಯೆಂಬ ದಿಣ್ಣೆಯ ಬಡಾವಣೆಯ ಕಡೆಗೆ ಅವರ ದೃಷ್ಟಿ ಹರಿಯುವುದು ಅಪೂರ್ವ. ಆದರೂ ಈಚಿನ ಮೈಸೂರಿನ ಕಥೆಯಲ್ಲಿ ಈ ದಿಣ್ಣೆಗೆ ದೊಡ್ಡ ಸ್ಥಾನವುಂಟು. ಇಂಗ್ಲಿಷ್ ಕಾದಂಬರಿಗಳಿಂದ ಲೋಕಪ್ರಸಿದ್ಧರಾದ ಆರ್. ಕೆ. ನಾರಾಯಣರ ಮನೆಯಿರುವುದು ಇಲ್ಲಿಯೇ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತೊಡಗಿಸಿದ ಬಾನುಲಿಯ ಪರಂಪರೆಯನ್ನು ನಡೆಸಿಕೊಂಡು ಬಂದಿರುವ ಆಕಾಶವಾಣಿಯೂ ಇಲ್ಲಿಯೇ. ಐಡಿಯಲ್ ಜಾವಾ ಎಂಬ ಮೋಟಾರು ಸೈಕಲ್ ಕಾರ್ಖಾನೆಯಿದ್ದುದೂ ಇಲ್ಲಿಯೇ.

1929ರಲ್ಲಿ ಚೆಕೊಸ್ಲೊವಾಕಿಯಾ ದೇಶದ ಯಾನೆಚೆಕ್ ಎಂಬ ಆಯುಧ ತಯಾರಕನು, ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡುಕೊಂಡು, ಎರಡು ಹೆಸರುಗಳ ಆದ್ಯಕ್ಷರಗಳನ್ನು ಕೂಡಿಸಿ 'ಜಾವಾ' ಎಂದು ಹೆಸರಿಟ್ಟನು. ವ್ಯಾಕರಣ ಓದಿದವರಿಗೆ ಪ್ರತ್ಯಾಹಾರಗಳ ನೆನಪನ್ನು ತರುವ ಈ ಹೆಸರು ಇರಾನಿ ಕುಟುಂಬದವರ ಪ್ರಯತ್ನದಿಂದ ಮೈಸೂರಿಗೆ ಬಂದಿತು. 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ಇಲ್ಲಿಯ ಬಂಡಿಗಳಿಗೆ 'ಯೆಜ್ಡಿ' ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಪೇಟೆಗೆ ಬಂದುದು ನಿಜವಾದರೂ, ಆ ಹೊಸ ಬಂಡಿಗಳು ಹುಟ್ಟಿದುದು ಮಧ್ಯಪ್ರದೇಶದ ಪೀತಾಂಪುರದಲ್ಲಿ, ಯಾದವಗಿರಿಯಲ್ಲಿ ಅಲ್ಲ.

ಕಾರ್ಖಾನೆ ಮುಚ್ಚಿದರೂ ಅಲ್ಲಿ ಕಲಿತ ವಿದ್ಯೆ ಮುಚ್ಚಿಹೋಗಲಿಲ್ಲ. ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು ಅಲ್ಲಿ ಎಂಜಿನು ಜೋಡಿಸುವ ಕೆಲಸದಲ್ಲಿದ್ದವರು. ಅವರ ಹಳೆಯ ಯೆಜ್ಡಿಯನ್ನು ಮೊಮ್ಮಗನು ಮಣ್ಣಿನ ಹಾದಿಯಲ್ಲಿ ಓಡಿಸುವುದಕ್ಕೆ ಅನುಕೂಲವಾಗುವಂತೆ ಮಾರ್ಪಡಿಸಿದ್ದನು. ದಸರೆಯ ಕಾಲದಲ್ಲಿ ಲಲಿತಮಹಲಿನ ಬಳಿಯ ಬಯಲಿನಲ್ಲಿ ನಡೆದ ಧೂಳೆಬ್ಬಿಸುವ ಪಂದ್ಯಗಳನ್ನು ನೋಡಿಬಂದಂದಿನಿಂದ ಅವನಿಗೆ ಅದೇ ಧ್ಯಾನ. ಗಾಳಿ ಸೋಸುವ ಹಳೆಯ ಪೆಟ್ಟಿಗೆಯನ್ನು ತೆಗೆದು ಹಗುರವಾದ ಶೋಧಕವನ್ನು ಹಾಕಿ, ಹೊಗೆಕೊಳವಿಯನ್ನೂ ಸಡಿಲಗೊಳಿಸಿದ್ದನು. ಬಂಡಿ ಮೊದಲಿಗಿಂತ ಚುರುಕಾಗಿದೆಯೆಂದು ಅವನ ಹರ್ಷ. ತಾತನ ಮುಖದಲ್ಲಿ ಮಾತ್ರ ಹರ್ಷವಿರಲಿಲ್ಲ.

"ಮೇಷ್ಟ್ರೇ, ಗಾಳಿಗೆ ಬಾಗಿಲು ತೆಗೆದಿದ್ದಾನೆ, ಪೆಟ್ರೋಲಿಗೆ ತೆಗೆದಿಲ್ಲ. ಈ ಎಂಜಿನಿಗೆ ಎಣ್ಣೆ ಬರೋದೂ ಪೆಟ್ರೋಲಿನ ಜೊತೆಗೇ. ಪೂರಾ ವೇಗದಲ್ಲಿ ಪಿಸ್ಟನ್ ಹಿಡ್ಕೊಂಡರೆ ಹಿಂದಿನ ಚಕ್ರ ನಿಂತುಬಿಡುತ್ತೆ, ಹುಡುಗ ನೆಲದ ಮೇಲಿರ್ತಾನೆ," ಎಂದರು.

ಈ ಮಾತಿನ ತಾತ್ಪರ್ಯವನ್ನು ವಾಚಕರು ತಿಳಿಯಬೇಕಾದರೆ ಕಾರ್ಬ್ಯುರೇಟರಿನ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ಎಂಜಿನು ಉಸಿರೆಳೆದುಕೊಳ್ಳುವ ಗಾಳಿಗೆ ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವ ಉಪಕರಣವಿದು. ತೂಕದಲ್ಲಿ ಸುಮಾರು 15 ಭಾಗ ಗಾಳಿಗೆ 1 ಭಾಗ ಪೆಟ್ರೋಲು ಪೂರ್ಣದಹನಕ್ಕೆ ಸಾಕಾದ ಪ್ರಮಾಣ. ಹೆಚ್ಚು ಶಕ್ತಿ ಬೇಕಾದಾಗ ಪೆಟ್ರೋಲು ಇನ್ನೂ ಕೊಂಚ ಹೆಚ್ಚಬೇಕು. ಈ ಪ್ರಮಾಣವನ್ನು ಕಾಯುವುದು ಜೆಟ್ ಎಂಬ ಹಿತ್ತಾಳೆಯ ಸಣ್ಣ ತಿರುಪು. ಅದರ ನಡುವಣ ಸೂಕ್ಷ್ಮರಂಧ್ರದ ಮೂಲಕ ಪೆಟ್ರೋಲು ಹರಿಯುತ್ತದೆ. ಕೆಲವು ತಯಾರಕರಲ್ಲಿ ಜೆಟ್ಟಿನ ಸಂಖ್ಯೆಯು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ತಿಳಿಸುತ್ತದೆ. 100 ಎಂದರೆ 1 ಮಿಲಿಮೀಟರು. ಬಂಡಿ ನಿಂತಲ್ಲಿಯೇ ಮೆಲ್ಲನೆ ಓಡುವಾಗ ಪೈಲಟ್ ಜೆಟ್, ನಡುವಣ ವೇಗದಲ್ಲಿ ಸೂಜಿ, ಹಿಡಿಯನ್ನು ಪೂರ್ಣವಾಗಿ ತಿರುಗಿಸಿದಾಗ ಮುಖ್ಯ ಜೆಟ್, ಹೀಗೆ ಅಧಿಕಾರವು ಹಂಚಿಹೋಗಿದೆ.

ಆಯುರ್ವೇದದಲ್ಲಿ ಜಠರಾಗ್ನಿಯನ್ನು ಮಂದ, ತೀಕ್ಷ್ಣವೆಂದು ವಿಂಗಡಿಸುವುದುಂಟಷ್ಟೆ. ಯಂತ್ರಕ್ಕೂ ಇದು ಸಲ್ಲುತ್ತದೆ. ಪೆಟ್ರೋಲು ಮಿತಿಮೀರಿದರೆ ಅಗ್ನಿಮಾಂದ್ಯ: ಮಸಿ ಕಟ್ಟುವುದು, ಎಂಜಿನು ಮುಗ್ಗರಿಸುವುದು. ಗಾಳಿ ಮಿತಿಮೀರಿದರೆ ತೀಕ್ಷ್ಣಾಗ್ನಿ: ತಾಪವೇರಿ ಪಿಸ್ಟನ್ನೇ ಬೇಯುವುದು. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಪೆಟ್ರೋಲು ಕಡಿಮೆಯಾದರೆ ಅದರೊಡನೆ ಬೆರೆತ ಎಣ್ಣೆಯೂ ಕಡಿಮೆಯಾಗುವುದರಿಂದ ಎರಡನೆಯ ರೋಗವೇ ಹೆಚ್ಚು ಮಾರಕವಾದದ್ದು.

ಒಂದು ಭಾನುವಾರದ ಬೆಳಗ್ಗೆ ಚಿಕಿತ್ಸೆ ತೊಡಗಿತು. ಅಡುಗೆಮನೆಯ ಒಲೆಗೂ ದೇವರ ದೀಪಕ್ಕೂ ದೂರವಾಗಿ ಹಿತ್ತಿಲಿನಲ್ಲಿಯೇ ಕೆಲಸವಾಗಬೇಕೆಂಬುದು ಹಿರಿಯರ ಮೊದಲ ಕಟ್ಟಳೆ. ಎಂಜಿನು ತಣ್ಣಗಾಗಿರಬೇಕು, ಪೆಟ್ರೋಲಿನ ನಲ್ಲಿ ಮುಚ್ಚಿರಬೇಕು, ಬಿಚ್ಚಿದ ಒಂದೊಂದು ತಿರುಪನ್ನೂ ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಡಬೇಕು. ಹುಡುಗನು ಕೊಳೆ ತೆಗೆಯಲೆಂದು ತಂತಿಯನ್ನು ಕೈಗೆತ್ತಿಕೊಂಡಾಗ ತಾತ ತಡೆದರು: "ತಂತಿ ಹಾಕಬೇಡ ಮಗು, ತೂತು ದೊಡ್ಡದಾದರೆ ಮೇಲಿನ ನಂಬರು ಸುಳ್ಳಾಗುತ್ತೆ. ಗಾಳಿ ಊದಿ ಶುದ್ಧಮಾಡು." ಜೆಟ್ಟನ್ನು ಅದಕ್ಕೆ ಸರಿಹೊಂದುವ ಸ್ಕ್ರೂಡ್ರೈವರಿನಿಂದಲೇ, ಬಲವಂತವಿಲ್ಲದೆ ತಿರುಗಿಸಬೇಕು, ಹಿತ್ತಾಳೆ ಮೃದು.

ಹುಡುಗನು ಹಳೆಯದಕ್ಕಿಂತ ಒಂದು ಅಂಕ ದೊಡ್ಡ ಜೆಟ್ಟಿನಿಂದ ತೊಡಗುವೆನೆಂದನು. ತಾತ ಒಪ್ಪಲಿಲ್ಲ. ಎಲ್ಲಕ್ಕಿಂತ ದೊಡ್ಡದನ್ನು ಮೊದಲು ಹಾಕಿ, ಬಂಡಿ ಮುಗ್ಗರಿಸುವುದನ್ನು ಕಂಡು, ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯಬೇಕೆಂಬುದು ಅವರ ಕ್ರಮ. ಮೇಲಿನಿಂದ ಇಳಿಯುವಾಗ ತಪ್ಪಿದರೆ ಮಸಿಯಾಗುತ್ತದೆ, ಕೆಳಗಿನಿಂದ ಏರುವಾಗ ತಪ್ಪಿದರೆ ಎಂಜಿನು ಹೋಗುತ್ತದೆ ಎಂಬುದೇ ಅದರ ಯುಕ್ತಿ.

ಪರೀಕ್ಷೆಗೆ ಬೀದಿಯನ್ನು ಬಳಸಲಿಲ್ಲ. ಸದ್ದುಮಾಡುವ ಹೊಗೆಕೊಳವಿಯ ಬಂಡಿಯನ್ನು ಸಾರ್ವಜನಿಕ ರಸ್ತೆಗಿಳಿಸುವುದು ಕಾನೂನಿಗೆ ವಿರುದ್ಧ, ನೆರೆಹೊರೆಗೆ ಹಿಂಸೆ. ನಂಜನಗೂಡಿನ ಕಡೆಯ ಬಂಧುಗಳ ತೋಟಕ್ಕೆ ಅದನ್ನು ಸಾಗಿಸಿದರು. ನಾನೂ ಜೊತೆಗೆ ಹೋದೆನು. ತೆಂಗಿನ ಸಾಲುಗಳ ನಡುವೆ ಉದ್ದವಾದ ಮಣ್ಣಿನ ಹಾದಿ. ಹಿಂದಿರುಗಿ ನೋಡಿದರೆ ದೂರದಲ್ಲಿ ಚಾಮುಂಡಿಬೆಟ್ಟದ ನೀಲಿ ಬೆನ್ನು. ಹುಡುಗನು ಹಿಡಿಯನ್ನು ಪೂರ್ತಿ ತಿರುಗಿಸಿ ಓಡಿಸಿ, ಅದೇ ಕ್ಷಣದಲ್ಲಿ ಕ್ಲಚ್ ಹಿಡಿದು ಎಂಜಿನನ್ನು ಆರಿಸಿ ನಿಲ್ಲಿಸುವನು. ಪ್ಲಗ್ಗನ್ನು ಬಿಚ್ಚಿ ತಾತನ ಕೈಗೆ ಕೊಡುವನು. ಅವರು ವೈದ್ಯರು ನಾಲಿಗೆಯನ್ನು ನೋಡುವಂತೆ ಅದರ ಬಣ್ಣವನ್ನು ನೋಡುವರು. ಮೊದಲನೆಯದು ಕಾಡಿಗೆಯಂತೆ ಕಪ್ಪು, ಎರಡನೆಯದೂ ಹಾಗೆಯೇ. ಮೂರನೆಯದು ಹಾಲು ಹದವಾಗಿ ಬೆರೆತ ಕಾಫಿಯ ಬಣ್ಣ. ಹುಡುಗನು ಇನ್ನೊಂದು ಮೆಟ್ಟಿಲು ಇಳಿದರೆ ವೇಗ ಇನ್ನೂ ಹೆಚ್ಚೀತೆಂದು ಆಸೆಪಟ್ಟನು. "ಸುಣ್ಣದ ಹಾಗೆ ಬೆಳ್ಳಗೆ ಕಂಡಮೇಲೆ ಸರಿಮಾಡೋಕೆ ಏನೂ ಉಳಿದಿರೋಲ್ಲ ಕಂದ," ಎಂದು ಹೇಳಿ ಅವರು ಉಳಿದ ಜೆಟ್ಟುಗಳನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಈ ಹದವೂ ಎಲ್ಲ ಊರಿಗೂ ಒಂದೇ ಅಲ್ಲವೆಂಬುದನ್ನು ಪ್ರಯಾಣಿಕರು ಮರೆಯಬಾರದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರು ಎತ್ತರದಲ್ಲಿದೆ. ಉದಕಮಂಡಲವು ಸುಮಾರು 2,240 ಮೀಟರು. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ಮಾರ್ಗವಾಗಿ ಬೆಟ್ಟವನ್ನೇರುತ್ತ ಹೋದಂತೆ ಗಾಳಿ ವಿರಳವಾಗುತ್ತದೆ. ಉದಕಮಂಡಲದ ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರತೀರದ ಸುಮಾರು ಐದರಲ್ಲಿ ನಾಲ್ಕು ಪಾಲು ಮಾತ್ರ. ಗಾಳಿ ತೆಳುವಾದರೆ ಅದೇ ಜೆಟ್ಟಿನ ಪೆಟ್ರೋಲು ಹೆಚ್ಚಾಗಿ, ಅಗ್ನಿಮಾಂದ್ಯವುಂಟಾಗುತ್ತದೆ; ಅಲ್ಲಿಯೇ ಬಹುದಿನ ಓಡಿಸುವವರು ಚಿಕ್ಕ ಜೆಟ್ಟನ್ನು ಹಾಕುವುದುಂಟು. ಆದರೆ ಅವರು ಬೆಟ್ಟವಿಳಿದು ಬಂದಾಗ ಹಳೆಯದನ್ನು ಮತ್ತೆ ಹಾಕದಿದ್ದರೆ, ಮೊದಲು ಹೇಳಿದ ಮಾರಕರೋಗವೇ ಕಾದಿರುತ್ತದೆ.

ಕಾರ್ಖಾನೆಯ ಸೈರನ್ನು ಕೇಳಿ ಕೆಲಸಕ್ಕೆ ಹೊರಡುತ್ತಿದ್ದವರ ತಲೆಮಾರು ಈಗ ವಿರಳವಾಗುತ್ತಿದೆ. ಅವರ ಕಿವಿ ಎಂಜಿನಿನ ಸ್ವರಭೇದವನ್ನು ಬಲ್ಲದು. ಅವರ ಬೆರಳು ತಿರುಪಿನ ಬಿಗಿಯನ್ನು ಬಲ್ಲದು. ಇವುಗಳಲ್ಲಿ ಬಹುಭಾಗವು ಯಾವ ಪುಸ್ತಕದಲ್ಲಿಯೂ ಸೇರಿಲ್ಲ. ಮೈಸೂರಿನ ಮನೆಮನೆಯ ಹಿತ್ತಿಲಿನಲ್ಲಿ ಇಂಥ ಹಿರಿಯರೊಬ್ಬರ ಮುಂದೆ ಕಿರಿಯನೊಬ್ಬನು ಮಂಡಿಯೂರಿ ಕುಳಿತು ಕಲಿಯುವಷ್ಟು ಕಾಲ ಯಾದವಗಿರಿಯ ವಿದ್ಯೆಗೆ ಲೋಪವಿಲ್ಲ. ಮಕ್ಕಳ ಉತ್ಸಾಹವನ್ನು ಗದರಿಸಿ ಅಡಗಿಸುವುದಕ್ಕಿಂತ, ಹದವನ್ನು ತಿಳಿದವರ ಬಳಿಗೆ ಅವರನ್ನು ಕರೆದೊಯ್ಯುವುದೇ ಗೃಹಸ್ಥರಿಗೆ ಮೇಲು.