ಹೊನ್ನಮ್ಮನಿಗೆ ಬರೆದ ಓಲೆ

ಗುಂಡ್ಲುಪೇಟೆಯಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಚಾಮರಾಜನಗರದ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿರುವಳು. ಬೆಳಗ್ಗೆ ತೆರಕಣಾಂಬಿಯ ಮೇಲೆ ಹೋಗುವ ಬಸ್ಸನ್ನು ಹತ್ತಿದರೆ, ಹಿಂದಿರುಗುವುದು ದೀಪ ಹಚ್ಚುವ ಹೊತ್ತಿಗೆ. ಭಾನುವಾರಗಳಲ್ಲಿ ನಮ್ಮಲ್ಲಿಗೆ ಬಂದು ಹಳೆಯ ಕಾವ್ಯಗಳ ಪಾಠವನ್ನು ಹೇಳಿಸಿಕೊಳ್ಳುವುದು ಅವಳ ರೂಢಿ. ಕಳೆದ ಆಷಾಢದಲ್ಲಿ ಒಂದು ದಿನ ಅವಳ ಕೈಯಲ್ಲಿ ಹೊಸದೊಂದು ನೋಟುಪುಸ್ತಕವಿದ್ದಿತು. “ಮೇಷ್ಟ್ರೇ, ಇನ್ನು ಮೇಲೆ ವಾರಕ್ಕೊಂದು ಬರೆಹ ಬರೆಯಬೇಕೆಂದಿದ್ದೇನೆ. ಮೊದಲನೆಯದನ್ನು ತಾವು ನೋಡಿಕೊಡಬೇಕು” ಎಂದಳು.

ಅವಳಲ್ಲಿ ಈ ಉತ್ಸಾಹವನ್ನು ಹುಟ್ಟಿಸಿದವನು ಇಟಲಿ ದೇಶದ ಪೆಟ್ರಾರ್ಕನೆಂಬ ಪಂಡಿತ. ಅವನ ಚರಿತ್ರೆಯನ್ನು ಆ ದಿನಗಳಲ್ಲಿ ಅವಳು ಓದುತ್ತಿದ್ದಳಂತೆ. ಯುರೋಪಿನಲ್ಲಿ ಪ್ರಾಚೀನ ವಿದ್ಯೆಗಳು ಪುನರುಜ್ಜೀವನ ಹೊಂದಿದುದಕ್ಕೆ ಮೊದಲಿಗನೆಂದು ಹಲವರು ಎಣಿಸುವುದು ಇವನನ್ನೇ. ಹುಟ್ಟಿದುದು 1304ರಲ್ಲಿ, ಕಾಲವಾದುದು 1374ರಲ್ಲಿ. ರೋಮಿನ ಮಹಾವಾಗ್ಮಿಯಾದ ಸಿಸೆರೋವಿನ ಗ್ರಂಥಗಳೆಂದರೆ ಇವನಿಗೆ ಬಾಲ್ಯದಿಂದಲೂ ಪ್ರಾಣ. 1345ರಲ್ಲಿ ವೆರೋನಾ ನಗರದ ಗ್ರಂಥಭಂಡಾರವೊಂದರಲ್ಲಿ, ಸಿಸೆರೋ ತನ್ನ ಮಿತ್ರರಿಗೂ ತಮ್ಮನಿಗೂ ಬರೆದ ಪತ್ರಗಳ ಪ್ರತಿಯೊಂದು ಇವನ ಕಣ್ಣಿಗೆ ಬಿದ್ದಿತು. ಅಷ್ಟನ್ನೂ ಸ್ವಹಸ್ತದಿಂದ ನಕಲು ಮಾಡಿಕೊಂಡನು. ಆದರೆ ಓದುತ್ತ ಓದುತ್ತ ಮನಸ್ಸು ಮುರಿಯಿತು. ಶಾಂತಿಯನ್ನೂ ವಿವೇಕವನ್ನೂ ಬೋಧಿಸಿದ ಆ ಪುರುಷನು ಪತ್ರಗಳಲ್ಲಿ ರಾಜಕೀಯದ ಕಲಹಗಳಿಗೆ ಸಿಕ್ಕಿ ಚಂಚಲನಾಗಿ ಕಾಣಿಸಿದನು. ಆಗ ಪೆಟ್ರಾರ್ಕನು ಮಾಡಿದುದೇನು? 1300 ವರ್ಷಗಳಿಗೂ ಹಿಂದೆ ಮಡಿದ ಸಿಸೆರೋವಿಗೇ ಒಂದು ಪತ್ರವನ್ನು ಬರೆದು, ತನ್ನ ಅಸಮಾಧಾನವನ್ನು ನೇರವಾಗಿ ತೋಡಿಕೊಂಡನು!

ಭಕ್ತಿ ಕಡಿಮೆಯಾಯಿತೆಂದಲ್ಲ. ಆ ಪತ್ರಗಳ ಭಾರಿ ಹೊತ್ತಗೆ ಅವನ ಕೊಠಡಿಯ ಬಾಗಿಲ ಬಳಿ ಇರುತ್ತಿದ್ದು, ಮತ್ತೆ ಮತ್ತೆ ಉರುಳಿ ಎಡಗಾಲಿಗೆ ಬಿದ್ದು ಹುಣ್ಣು ಮಾಡಿತಂತೆ. ಅದನ್ನೂ ಅವನು ಪ್ರಿಯನಾದವನು ಕೊಟ್ಟ ಪೆಟ್ಟೆಂದು ನಗುನಗುತ್ತ ಬರೆದಿಟ್ಟಿರುವನು.

ನಮ್ಮ ಹುಡುಗಿ ಈ ಮಾದರಿಯನ್ನೇ ಹಿಡಿದಿದ್ದಳು. ನೋಟುಪುಸ್ತಕದ ಮೊದಲ ಪುಟದಲ್ಲಿ “ಯಳಂದೂರಿನ ಸಂಚಿಯ ಹೊನ್ನಮ್ಮನವರಿಗೆ” ಎಂದು ಬರೆದಿದ್ದಿತು.

ಹೊನ್ನಮ್ಮನು ನಮ್ಮ ಸೀಮೆಯವಳೇ. ಯಳಂದೂರಿನ ದೇವಾಜಮ್ಮಣ್ಣಿಯವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ರಾಣಿಯಾದಾಗ, ಅವರಿಗೆ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳಾಗಿ ಅರಮನೆಯನ್ನು ಸೇರಿದಳು. ಅಲ್ಲಿ ವಿದ್ಯೆಯನ್ನು ಕಲಿತು, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಹಡೆದವಳೂ ಹೆಣ್ಣು, ಸಾಕಿದವಳೂ ಹೆಣ್ಣು ಆಗಿರುವಾಗ ಹೆಣ್ಣನ್ನು ಹಳಿಯುವುದೇಕೆಂದು ಕೇಳುವ ಅವಳ ಪದ್ಯವನ್ನು ಕನ್ನಡದ ಶಾಲೆಗಳಲ್ಲಿ ಕಲಿಯದವರು ವಿರಳ.

ಹುಡುಗಿಯ ದುಃಖವೂ ಅಲ್ಲಿಂದಲೇ. ಅವಳು ಬಲ್ಲುದು ಆ ಒಂದು ಪದ್ಯವನ್ನು. ಈಗ ಓದಿದುದು ಇಡೀ ಗ್ರಂಥವನ್ನು. ಪತಿಯಲ್ಲಿ ಹೇಗೆ ನಡೆಯಬೇಕು, ಅತ್ತೆಮಾವಂದಿರಲ್ಲಿ ಹೇಗೆ ತಗ್ಗಿರಬೇಕೆಂಬ ಉಪದೇಶವೇ ಅಲ್ಲಿ ಹೆಚ್ಚು. “ಅಮ್ಮಾ, ಗಂಡನ ಧರ್ಮವನ್ನು ಹೇಳುವ ಇಷ್ಟೇ ದೊಡ್ಡ ಪುಸ್ತಕವನ್ನು ನೀವೇಕೆ ಬರೆಯಲಿಲ್ಲ?” ಎಂದು ಅವಳು ಓಲೆಯಲ್ಲಿ ಕೇಳಿದ್ದಳು.

ನಮ್ಮ ಕೈ ತಾನಾಗಿ ಕೆಂಪು ಮಸಿಯ ಲೇಖನಿಯತ್ತ ಹೋಯಿತು. ಹಾಗೆಯೇ ತಡೆದು ನಿಂತಿತು. ಈ ಪ್ರಶ್ನೆಯನ್ನು ನಾವು ಹಿಂದೊಮ್ಮೆ ಕೇಳಿದ್ದೆವು.

ಸುಮಾರು 30 ವರ್ಷಗಳ ಕೆಳಗೆ, ಹಳ್ಳಿಯ ಶಾಲೆಯೊಂದರಲ್ಲಿ ಇದೇ ಪದ್ಯವನ್ನು ಪಾಠ ಮಾಡುತ್ತಿದ್ದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಹೆಂಗಸರ ಧರ್ಮಕ್ಕೆ ಪುಸ್ತಕವುಂಟು, ಗಂಡಸರ ಧರ್ಮಕ್ಕೆ ಯಾವುದು ಸಾರ್?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಉತ್ತರ ತೋಚದ ನಾವು, “ಪರೀಕ್ಷೆಗೆ ಅದು ಬರುವುದಿಲ್ಲ, ಕುಳಿತುಕೋ” ಎಂದು ಗದರಿದೆವು. ಕುಳಿತಳು. ಆ ವರ್ಷವೆಲ್ಲ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ, ಮದುವೆಯಾಯಿತೆಂದು ತಿಳಿಯಿತು. ನಮ್ಮ ಗದರಿಕೆಯೇ ಅದಕ್ಕೆ ಕಾರಣವೆಂದು ಹೇಳಲಾರೆವು. ಆದರೆ ಕಲಿಯುವ ಆಸೆಯಿಂದ ಎದ್ದು ನಿಂತವಳನ್ನು ಕುಳ್ಳಿರಿಸಿದವರು ನಾವೇ ಎಂಬುದು ನಿಜ.

ಇದರಲ್ಲಿ ನಮ್ಮ ನಾಚಿಕೆ ಇಮ್ಮಡಿಯಾದುದು. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತ ನಮಗೆ ಮೊದಲು ಹೇಳಿಕೊಟ್ಟುದೇ ಪೂರ್ವಪಕ್ಷ. ಆಕ್ಷೇಪವನ್ನು ಎತ್ತದೆ ಸಿದ್ಧಾಂತಕ್ಕೆ ಹೋಗುವ ಶಾಸ್ತ್ರವುಂಟೆ? ಭಾಷ್ಯಕಾರರು ಎದುರಾಳಿಯ ಮಾತನ್ನು ತಾವೇ ಬಲಪಡಿಸಿ ಹೇಳಿ, ಅನಂತರ ಸಮಾಧಾನಕ್ಕೆ ತೊಡಗುವರು. ಗ್ರಂಥದ ಮಟ್ಟಿಗೆ ಇದನ್ನೆಲ್ಲ ಒಪ್ಪಿದ ನಾವು, ಮಗುವೊಂದು ಕೇಳಿದಾಗ ಮಾತ್ರ ಅವಿನಯವೆಂದು ಬಗೆದೆವು. ಹಿರಿಯರನ್ನು ಪ್ರಶ್ನಿಸುವವನು ಅವರನ್ನು ಜೀವಂತರೆಂದು ಭಾವಿಸಿರುವನು. ಸುಮ್ಮನೆ ಕೈಮುಗಿದು ಕಪಾಟಿನಲ್ಲಿಡುವವನೇ ಅವರನ್ನು ಮೃತರನ್ನಾಗಿ ಮಾಡುವವನು. ಪೆಟ್ರಾರ್ಕನ ಕಥೆಯಿಂದ ನಾವು ತಿಳಿದುಕೊಂಡುದು ಇಷ್ಟು.

ಕೆಂಪು ಮಸಿಯನ್ನು ಬದಿಗಿಟ್ಟು, ಎರಡು ಕಾಗುಣಿತದ ತಪ್ಪುಗಳನ್ನು ಮಾತ್ರ ಬಾಯಲ್ಲಿ ಹೇಳಿದೆವು. “ನಿನ್ನ ಪಂಡಿತನು ಒಂದೇ ಪತ್ರಕ್ಕೆ ನಿಲ್ಲಿಸಿದನೇನಮ್ಮ?” ಎಂದು ಕೇಳಿದೆವು. ಅದೇ ವರ್ಷದ ಕೊನೆಯಲ್ಲಿ ಅವನು ಸಿಸೆರೋವಿಗೆ ಎರಡನೆಯ ಪತ್ರವನ್ನು ಬರೆದು, ಆತನ ವಾಕ್ಶಕ್ತಿಯನ್ನು ಮನಸಾರೆ ಕೊಂಡಾಡಿದನೆಂದು ಅವಳೇ ಓದಿ ಹೇಳಿದಳು. “ಹಾಗಾದರೆ ನೀನೂ ಗ್ರಂಥವನ್ನು ಇನ್ನೊಮ್ಮೆ ಓದಿ, ಎರಡನೆಯದನ್ನು ಬರೆ” ಎಂದೆವು.

ಎರಡು ವಾರಗಳ ಮೇಲೆ ತಂದಳು. ಹಿಂದಿನ ಪ್ರಶ್ನೆಯನ್ನು ಅವಳು ಬಿಟ್ಟಿರಲಿಲ್ಲ, ಬಿಡಬೇಕಾದುದೂ ಇಲ್ಲ. ಅದರ ಜೊತೆಗೆ ಹೊಸದೊಂದು ಮಾತು ಸೇರಿದ್ದಿತು. ಸಂಚಿ ಹಿಡಿದು ನಿಲ್ಲುವ ಕೈ, ರಾಜನೂ ರಾಣಿಯೂ ಪಂಡಿತರೂ ಕೇಳುವ ಸಭೆ. ಅಂಥಲ್ಲಿ ನಿಂತು, ಉಪದೇಶದ ನಡುವೆ, ಹೆಣ್ಣನ್ನು ಹಳಿಯುವವರು ಕಣ್ಣಿಲ್ಲದವರೆಂಬ ಅರ್ಥದಲ್ಲಿ ಆಡಿದ ಧೈರ್ಯ ಸಾಮಾನ್ಯವಲ್ಲವೆಂದು ಅವಳು ಬರೆದಿದ್ದಳು. ಇಷ್ಟು ವರ್ಷ ಆ ಪದ್ಯಕ್ಕೆ ಪದವಿಭಾಗ ಮಾಡಿಸಿ ಅರ್ಥ ಹೇಳಿದ ನಮಗೆ ಇದು ಹೊಳೆದಿರಲಿಲ್ಲ.

ಈ ಪತ್ರಿಕೆ ನಮ್ಮ ಸೀಮೆಯ ಅನೇಕ ಮನೆಗಳಿಗೆ ಹೋಗುವುದು. ಆ ಹಿಂದಿನ ಸಾಲಿನ ಹುಡುಗಿ ಇಂದು ಎಲ್ಲಿಯೋ ಗೃಹಿಣಿಯಾಗಿ, ಮಕ್ಕಳ ತಾಯಿಯಾಗಿ ಇರಬಹುದು. ಅವಳ ವಿಳಾಸವನ್ನು ನಾವರಿಯೆವು. ಆದುದರಿಂದ ಅವಳಿಗೆ ಬರೆಯಬೇಕಾದ ಓಲೆಯನ್ನು ಇಲ್ಲಿಯೇ ಬರೆದಿರುವೆವು. ತಾಯಿ, ನಿನ್ನ ಪ್ರಶ್ನೆ ಸರಿಯಾಗಿಯೇ ಇದ್ದಿತು. ಉತ್ತರ ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. ನಿನ್ನ ಮನೆಯಲ್ಲಿ ಹೆಣ್ಣುಮಗುವೊಂದು ಹಾಗೆ ಕೇಳಿದರೆ, ಅದನ್ನು ಕುಳ್ಳಿರಿಸಬೇಡ; ಕೈಗೊಂದು ನೋಟುಪುಸ್ತಕವನ್ನು ಕೊಡು.